ಗ್ಯಾರೇಜಿನ ಬಾಣಂತಿ

ಎದ್ವೀನೊ ನನಗೆ ಮನೆ ಬಿಡಲು ಹೇಳಿದ ದಿನ ಎರಡು ವಸ್ತು ನನ್ನ ಕೈಗೆ ಬಂದವು. ಒಂದು ಲಕೋಟೆ, ಒಂದು ಬಟ್ಟಲು ಸೊಪ್ಪಿನ ಸಾರು. ಲಕೋಟೆ ಅವನದು, ಸಾರು ಅವನ ಹೆಂಡತಿ ಜುಲ್ಮೀರಾಳದು. ಆಸೋರ್ಸ್ ದ್ವೀಪದ ಈ ಪೋರ್ಚುಗೀಸರು ಯಾರನ್ನೂ ಹಸಿದ ಹೊಟ್ಟೆಯಲ್ಲಿ ಹೊರಗೆ ಹಾಕುವುದಿಲ್ಲ. ಅಷ್ಟು ಒಳ್ಳೆಯ ಜನ.

ಟೊರಾಂಟೊದ ಆ ಮನೆಯ ನೆಲಮಾಳಿಗೆಯಲ್ಲಿ ನಾನು ಒಂಬತ್ತು ವರ್ಷದಿಂದ ಬಾಡಿಗೆಗೆ ಇದ್ದೆ. ನಾನು ಬ್ರೆಜಿಲ್‌ನವಳು, ಇವೊನೆಟೆ. ಹಗಲು ಬೇರೆಯವರ ಮನೆ ಒರೆಸುತ್ತೇನೆ, ಸಂಜೆ ನನ್ನದನ್ನು. ಮಗಳು ತಯಾನಿ ಹುಟ್ಟಿದ್ದು ಅಲ್ಲೇ, ಈಗ ಎರಡನೇ ತರಗತಿ. ಲಕೋಟೆಯ ಪ್ರಕಾರ ಜೂನ್ ಮೂವತ್ತಕ್ಕೆ ನಾವು ಖಾಲಿ ಮಾಡಬೇಕು, ಏಕೆಂದರೆ ದ್ವೀಪದಿಂದ ಎದ್ವೀನೊನ ತಮ್ಮ ಸಂಸಾರ ಸಮೇತ ಬಂದು ಇಲ್ಲೇ ನೆಲೆಸುತ್ತಾನೆ. "ಮಗೂದು ಸ್ಕೂಲು ಮುಗೀಲಿ, ಆಮೇಲೆ ಹೋಗುವಿಯಂತೆ" ಎಂದು ಎದ್ವೀನೊ ತಾನೇ ಹೇಳಿದ್ದ; ಇಲ್ಲಿ ಶಾಲೆಯ ವರ್ಷ ಮುಗಿಯುವುದೇ ಜೂನ್ ಕೊನೆಗೆ. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಕೂತಿದ್ದೆ. ವರ್ಷದ ನಡುವೆ ಮಗಳನ್ನು ಶಾಲೆಯಿಂದ ಬಿಡಿಸುವಂತಾಗಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಕೋರ್ಟು ಕಚೇರಿ ಎನ್ನಬೇಡಿ. ಈ ದೇಶದಲ್ಲಿ ನನ್ನ ಕಾಗದಪತ್ರಗಳ ಪರಿಸ್ಥಿತಿ ಹೇಗಿದೆಯೆಂದರೆ, ಟ್ರಾಫಿಕ್ ಪೊಲೀಸನನ್ನು ಕಂಡರೂ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ.

ಮೇ ತಿಂಗಳಲ್ಲಿ ಮಹಡಿಗೆ, ಎದ್ವೀನೊನ ಮನೆಗೆ, ಪವಿತ್ರಾತ್ಮನ ಕಿರೀಟ ಬಂತು. ಇವರ ಸಂಘದಲ್ಲಿ ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ, ಹೆಸರು ಬಂದವರ ಮನೆಯಲ್ಲಿ ಬೆಳ್ಳಿಯ ಕಿರೀಟ ಒಂದು ವಾರ ಇರುತ್ತದೆ. ಸಂಜೆಯೆಲ್ಲ ಜಪಮಾಲೆ, ಕೊನೆಯ ಭಾನುವಾರ ಬಂದವರಿಗೆಲ್ಲ ಮಾಂಸದ ಸಾರು, ರೊಟ್ಟಿ, ವೈನ್. ಆ ವಾರ ಮನೆಯ ಸೂರಿನ ಕೆಳಗಿರುವ ಯಾವ ಜೀವವನ್ನೂ ಹಸಿದು ಮಲಗಿಸುವಂತಿಲ್ಲ. ಕಟ್ಟಡ ಕಟ್ಟುವ ಕೆಲಸದಲ್ಲಿ ಮೂರನೇ ಅಂತಸ್ತಿನಿಂದ ಬಿದ್ದೂ ಬದುಕಿದಾಗ ಎದ್ವೀನೊ ಈ ಸೇವೆಗೆ ಹರಕೆ ಹೊತ್ತಿದ್ದನಂತೆ. ಇಪ್ಪತ್ತೆರಡು ವರ್ಷ ಅವನ ಚೀಟಿ ಬಂದಿರಲಿಲ್ಲ. ಈ ವರ್ಷ ಬಂತು, ಅವನು ಚಿಕ್ಕ ಮಗುವಿನ ಹಾಗೆ ಅತ್ತ.

ಅಡುಗೆಯೆಲ್ಲ ಗ್ಯಾರೇಜಿನಲ್ಲಿ. ನಮ್ಮ ಬೀದಿಯ ಯಾವ ಗ್ಯಾರೇಜಿನಲ್ಲೂ ಕಾರು ಇಲ್ಲ. ಕಾರು ಹಿಮದಲ್ಲಿ ನೆನೆಯುತ್ತದೆ, ಗ್ಯಾರೇಜಿನಲ್ಲಿ ವೈನಿನ ಪೀಪಾಯಿ, ದೊಡ್ಡ ಗ್ಯಾಸ್ ಒಲೆ ಮತ್ತು ಹಂಡೆಗಳು ಬೆಚ್ಚಗಿರುತ್ತವೆ. ಕಿರೀಟ ಬಂದ ಭಾನುವಾರ ಮಧ್ಯಾಹ್ನ ಜುಲ್ಮೀರಾ ಅಟ್ಟದಿಂದ ಹಂಡೆ ಇಳಿಸಲು ಏಣಿ ಹತ್ತಿದಳು. ಮರುಗಳಿಗೆಯಲ್ಲಿ ಇಡೀ ಬೀದಿಗೆ ಅವಳ ಕೂಗು ಕೇಳಿಸಿತು.

"ಅಯ್ಯೋ, ರಕೂನ್ ರೀ! ಬಾಣಂತಿ! ನಾಲ್ಕು ಮರಿ ಹಾಕ್ಕೊಂಡು ಮಲಗಿದೆ ಮೂದೇವಿ, ಅದೂ ನಮ್ಮತ್ತೆ ಕಸೂತಿ ಹಾಕಿದ್ದ ಮೇಜಿನ ಬಟ್ಟೆ ಮೇಲೆ!"

ಎದ್ವೀನೊ ಸನಿಕೆ ಹಿಡಿದು ಓಡಿ ಬಂದ. ಜುಲ್ಮೀರಾ ಏಣಿಯ ಮೇಲಿಂದಲೇ ಅವನನ್ನು ತಡೆದಳು.

"ಮೇಲೆ ಕಿರೀಟ ಇಟ್ಕೊಂಡು ಕೆಳಗೆ ಕೊಲೆ ಮಾಡ್ತೀರಾ? ಇಪ್ಪತ್ತೆರಡು ವರ್ಷ ಕಾದಿದ್ದು ಇದಕ್ಕೇನಾ?"

ಸನಿಕೆ ಕೆಳಗಿಳಿಯಿತು. ರಕೂನ್ ಎಂದರೆ ಈ ಊರಿನ ಅಟ್ಟಗಳಲ್ಲಿ ಸೇರಿಕೊಳ್ಳುವ, ಬೆಕ್ಕಿಗಿಂತ ದಪ್ಪನೆಯ, ಬಾಲದ ತುಂಬ ಕಪ್ಪು ಉಂಗುರಗಳಿರುವ ಕಾಡುಪ್ರಾಣಿ. ಅದು ಕಣ್ಣಿನ ಸುತ್ತಲ ಕಪ್ಪು ಪಟ್ಟಿಯೊಳಗಿಂದ ಇಬ್ಬರನ್ನೂ ಒಮ್ಮೆ ನೋಡಿ ಮತ್ತೆ ಮರಿಗಳಿಗೆ ಹಾಲು ಕೊಡತೊಡಗಿತು.

ಆ ಸಂಜೆ ಎದ್ವೀನೊ ನನ್ನ ಬಾಗಿಲು ತಟ್ಟಿದ. ಟೋಪಿ ಕೈಯಲ್ಲಿತ್ತು. ಅವನು ಟೋಪಿ ತೆಗೆದು ಬಂದನೆಂದರೆ ನನಗೆ ಏನೋ ಕಾದಿದೆ ಎಂದೇ ಅರ್ಥ.

"ಬೇಜಾರು ಮಾಡ್ಕೋಬೇಡ ಮಗಳೇ. ಗುರುವಾರದಿಂದ ಅಡುಗೆ ಶುರು ಆಗ್ಬೇಕು, ನೂರೈವತ್ತು ಜನ. ಗ್ಯಾರೇಜು ಖಾಲಿ ಆಗ್ದೇ ಇದ್ರೆ ನಿನ್ನ ಅಡುಗೆಮನೆ ಬೇಕಾಗುತ್ತೆ. ನೀನು ಬುಧವಾರಾನೇ..."

"ಬುಧವಾರಾನೇ ಏನು?"

"ಅದೇ, ನಿನ್ನ ಗೆಳತಿ ಒಬ್ಬಳಿದ್ದಳಲ್ಲ, ಅಲ್ಲಿಗೆ..."

"ಅವಳು ವಾಪಸ್ ಊರಿಗೆ ಹೋಗಿ ಮೂರು ವರ್ಷ ಆಯ್ತು."

"ಹಾಗಾದ್ರೆ ಇನ್ನೊಬ್ಬ ಗೆಳತಿ."

"ಊಟ ಮುಗಿದ ಮೇಲೆ ವಾಪಸ್ ಬರ್ಲಾ?"

ಅವನು ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ಹೆಂಗೂ ಮುಂದಿನ ತಿಂಗಳು ಹೋಗೋಳೇ. ಅಷ್ಟು ಸಾಮಾನು ತಂದು, ಮತ್ತೆ ಹೊತ್ಕೊಂಡು ಹೋಗೋದು ಯಾಕೆ? ನಿನಗೇ ಕಷ್ಟ ಅಂತ ಹೇಳ್ದೆ."

ನನ್ನ ಕಷ್ಟದ ಬಗ್ಗೆ ಇಷ್ಟು ಯೋಚಿಸುವವರು ಲೋಕದಲ್ಲಿ ಇನ್ನೊಬ್ಬರಿಲ್ಲ. ಸೂರಿನ ಕೆಳಗಿರುವ ಜೀವದ ನಿಯಮ ಊಟಕ್ಕೆ ಮಾತ್ರ, ಸೂರಿಗಲ್ಲ ಎಂದೂ ಅಂದು ತಿಳಿಯಿತು. ಬಾಗಿಲು ಹಾಕಿಕೊಂಡು ಕೂತು ಲೆಕ್ಕ ಹಾಕಿದೆ. ಬುಧವಾರದೊಳಗೆ ಆ ತಾಯಿ ಹೋದರೆ ಈ ತಾಯಿ ಉಳಿಯುತ್ತಾಳೆ. ಆ ರಕೂನಿನ ಮೇಲೆ ನನಗೆ ಯಾವ ಹಗೆಯೂ ಇರಲಿಲ್ಲ, ಆದರೂ ಅದನ್ನು ಓಡಿಸಬೇಕೆಂದು ನನಗಿದ್ದ ಆತುರ ಮನೆ ಯಜಮಾನನಿಗೂ ಇರಲಿಲ್ಲ.

ಕಾಡುಪ್ರಾಣಿಗಳನ್ನು ನೋವಾಗದಂತೆ ಹೊರಗೆ ಕಳಿಸುವ ಕಂಪನಿಗೆ ನಾನೇ ಫೋನು ಮಾಡಿದೆ. ಸೋಮವಾರ ಬ್ರೆನ್ನಾ ಎಂಬ ಹುಡುಗಿ ಹಣೆಗೆ ದೀಪ ಕಟ್ಟಿಕೊಂಡು ಬಂದಳು. ನಲವತ್ತು ವರ್ಷ ಈ ಊರಿನ ಕಾಂಕ್ರೀಟು ಕಲಸಿದ ಎದ್ವೀನೊಗೆ ಇಂಗ್ಲಿಷಿನಲ್ಲಿ ಬರುವುದು ಕಾಂಕ್ರೀಟಿನ ಮಾತು ಮಾತ್ರ. ಹಾಗಾಗಿ ಅನುವಾದ ನನ್ನ ಪಾಲಿಗೆ ಬಂತು. ನಮ್ಮಿಬ್ಬರದೂ ಪೋರ್ಚುಗೀಸೇ, ಆದರೆ ನನ್ನದು ಹಾಡಿದ ಹಾಗಿದೆ ಎಂದು ಅವನು, ಅವನದು ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡ ಹಾಗಿದೆ ಎಂದು ನಾನು.

ಬ್ರೆನ್ನಾ ಅಟ್ಟಕ್ಕೆ ಇಣುಕಿ ನೋಡಿ ಇಳಿದು ಬಂದು ತಗ್ಗಿದ ದನಿಯಲ್ಲಿ ಮಾತಾಡಿದಳು, ಬಾಣಂತಿಯ ಕೋಣೆಯಿಂದ ಹೊರಬಂದ ಸೂಲಗಿತ್ತಿಯ ಹಾಗೆ.

"ಏನಂತಾಳೆ?" ಎಂದ ಎದ್ವೀನೊ.

"ತಾಯಿ ಮಕ್ಕಳನ್ನ ಬೇರೆ ಮಾಡಬಾರದಂತೆ."

"ಛೆ ಛೆ, ಎಲ್ಲಾದ್ರೂ ಉಂಟಾ!"

"ಹೆದರಿಸಬಾರದಂತೆ. ಗಡುವು ಗಿಡುವು ಅಂತ ಅವಸರ ಮಾಡಬಾರದಂತೆ."

"ಸರಿ, ಸರಿ."

"ದೂರ ತಗೊಂಡು ಹೋಗಿ ಬಿಟ್ಟು ಬರೋ ಹಾಗಿಲ್ಲ, ಕಾನೂನಿದೆ. ಒಂದು ಕಿಲೋಮೀಟರ್ ಒಳಗೇ ಇರಬೇಕಂತೆ. ಗೊತ್ತಿರೋ ಜಾಗ, ಗೊತ್ತಿರೋ ಜನ ಬಿಟ್ಟು ಹೋದ್ರೆ ಪಾಪ ಕಂಗಾಲಾಗುತ್ತಂತೆ."

"ಹೌದೌದು, ಎಷ್ಟಾದ್ರೂ ತಾಯಿ ಅಲ್ವಾ" ಎಂದ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಒಂದೇ ಒಂದು ಪದವನ್ನೂ ನಾನು ಸೇರಿಸಿರಲಿಲ್ಲ. ಮುಖವನ್ನು ಹಲಗೆಯ ಹಾಗೆ ಇಟ್ಟುಕೊಂಡು ಹೇಳುತ್ತಾ ಹೋದೆ, ಯಾವುದಾದರೂ ಒಂದು ಮಾತು ಅವನ ಕಿವಿಯಿಂದ ಒಳಗಿಳಿದೀತು ಎಂದು ಕಾದೆ. ಅವನ ಕಿವಿಯಲ್ಲಿ ಆ ದಿನ ರಕೂನಿಗೆ ಮಾತ್ರ ಜಾಗವಿತ್ತು.

ನನ್ನದೇ ಒಂದು ಪ್ರಶ್ನೆ ಕೇಳಿದೆ. ಅದಕ್ಕೆ ಹೋಗಲು ಬೇರೆ ಜಾಗವೇ ಇಲ್ಲದಿದ್ದರೆ? ಬ್ರೆನ್ನಾ ನಕ್ಕಳು. ರಕೂನ್ ತಾಯಿ ಯಾವಾಗಲೂ ಮೂರು ನಾಲ್ಕು ಮನೆ ನೋಡಿಟ್ಟುಕೊಂಡಿರುತ್ತದಂತೆ, ಆ ಚಿಂತೆ ಬೇಡವಂತೆ. ನಾನು ಏಪ್ರಿಲ್ ತಿಂಗಳಿಡೀ ಮನೆ ಹುಡುಕಿದ್ದೆ. ಮಗು ಇದೆ ಎಂದ ಕೂಡಲೇ ಫೋನಿನ ಆ ಕಡೆ ಸ್ವರ ಬದಲಾಗುತ್ತಿತ್ತು. ಮುಂದಿನ ಜನ್ಮದಲ್ಲಿ ಬಾಲಕ್ಕೆ ಉಂಗುರ ಹಾಕಿಸಿಕೊಂಡೇ ಹುಟ್ಟಬೇಕು ಎಂದುಕೊಂಡೆ.

ಮೊದಲ ಮದ್ದು ಸುಲಭವಾಗಿತ್ತು. ರಕೂನಿಗೆ ಕತ್ತಲೆ, ಮೌನ ಬೇಕು. ಅದಕ್ಕೆ ಗ್ಯಾರೇಜಿನಲ್ಲಿ ಜೋರಾಗಿ ಮಾತಿನ ರೇಡಿಯೋ, ಹಗಲಿರುಳೂ ದೀಪ. ಎರಡು ದಿನ ಕಿರಿಕಿರಿಯಾದರೆ ತಾನೇ ಮರಿಗಳನ್ನು ಕಚ್ಚಿಕೊಂಡು ಹೋಗುತ್ತದೆ. ಎದ್ವೀನೊ ಎದೆ ತಟ್ಟಿಕೊಂಡು ಜವಾಬ್ದಾರಿ ಹೊತ್ತ. ನಾನು ಕೆಲಸಕ್ಕೆ ಹೋದೆ.

ಮಂಗಳವಾರ ಸಂಜೆ ಹೋಗಿ ನೋಡುತ್ತೇನೆ, ರಕೂನ್ ಅಲ್ಲೇ ಇದೆ. ಬರೀ ಇರುವುದಲ್ಲ, ಮೈ ತುಂಬಿಕೊಂಡಿದೆ. ದೀಪ ಉರಿಯುತ್ತಿತ್ತು, ಆದರೆ ಅದಕ್ಕೆ ಟವೆಲು ಹೊದಿಸಿತ್ತು. ರೇಡಿಯೋ ಹಾಡುತ್ತಿತ್ತು, ಆದರೆ ಪಾದ್ರಿಯೊಬ್ಬನ ಪ್ರವಚನ, ಅದೂ ಪಿಸುಮಾತಿನಷ್ಟು ಮೆಲ್ಲಗೆ. ಅಟ್ಟದ ಅಂಚಿನಲ್ಲಿ ಜುಲ್ಮೀರಾಳ ಹಬ್ಬದ ತಟ್ಟೆ, ತಟ್ಟೆಯ ತುಂಬ ಕಿರೀಟದ ಮುಂದೆ ಇಡಲೆಂದು ಬೇಯಿಸಿದ್ದ ಸಿಹಿ ರೊಟ್ಟಿಯ ಚೂರು, ಪಕ್ಕದಲ್ಲಿ ಹಾಲು.

ಎದ್ವೀನೊನ ಎದುರಿಗೆ ಹೋಗಿ ನಿಂತೆ. "ಇದೇನ್ರೀ?"

"ಯಾವುದು?"

"ಬಾಣಂತನ! ರೊಟ್ಟಿ, ಹಾಲು, ಪ್ರವಚನ! ಇನ್ನು ಎಣ್ಣೆ ನೀರು ಒಂದು ಬಾಕಿ ಇದೆ. ಓಡ್ಸೋದಕ್ಕೆ ಹೇಳಿದ್ರೆ ಉಪಚಾರ ಮಾಡ್ತಿದ್ದೀರಲ್ಲ!"

"ಕಿರೀಟ ಮನೇಲಿರುವಾಗ ಸೂರಿನ ಕೆಳಗಿರೋ ಜೀವ ಹಸಿದಿರಬಾರದು" ಎಂದ ಅವನು, ಶಾಲೆಯಲ್ಲಿ ಪದ್ಯ ಒಪ್ಪಿಸುವವನ ಹಾಗೆ. "ಬೆಳಕು ಮರಿಗಳ ಕಣ್ಣಿಗೆ ಹೊಡೀತಿತ್ತು. ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ ಅವು."

"ನಿಮಗೇನು ಹೋಗುತ್ತೆ? ನಾಳೆ ಬುಧವಾರ. ಇದು ಹೋಗ್ದೇ ಇದ್ರೆ ಹೋಗೋಳು ನಾನು."

"ದೇವರ ಹೆಸರಲ್ಲಿ ಏನೋ ಒಂದು ಮಾಡು ಮಗಳೇ. ನನ್ನ ಕೈಯಲ್ಲಿ ಆಗಲ್ಲ, ನನಗೆ ಕರುಳು ಕಿವುಚಿದ ಹಾಗಾಗುತ್ತೆ."

ನೋಡಿ, ಕರುಳಿರುವವರು ಹೀಗೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ನಮ್ಮ ಯಜಮಾನರು ಊರನ್ನೂ ದಾಟಿ ಕಾಡಿಗೇ ಉಪಕಾರಿ. ಆದರೆ ಹೊರಗೆ ಹಾಕುವ ಕೊಳಕು ಕೆಲಸ ಯಾರಾದರೂ ಮಾಡಲೇಬೇಕಲ್ಲ, ಅದಕ್ಕೆ ಬಾಡಿಗೆಯವಳಿದ್ದಾಳೆ. ತಟ್ಟೆ ತೆಗೆದೆ, ಟವೆಲು ಕಿತ್ತೆ. ಪಾದ್ರಿಯನ್ನು ಬಿಟ್ಟು ಫುಟ್‌ಬಾಲ್ ಜಗಳದ ಕಾರ್ಯಕ್ರಮ ಹಚ್ಚಿ, ರೇಡಿಯೋದ ಕಿವಿಯನ್ನು ಕೊನೆಯವರೆಗೂ ತಿರುಗಿಸಿದೆ.

ಬುಧವಾರ ರಜೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಬ್ರೆನ್ನಾ ಮತ್ತೆ ಬಂದಳು. ಈ ಸಲದ ಕ್ರಮ ಬೇರೆ. ದಪ್ಪ ಕೈಗವಸು ತೊಟ್ಟು ಅವಳು ಮರಿಗಳನ್ನು ಒಂದೊಂದಾಗಿ ಎತ್ತಿದಳು. ತಾಯಿ ಮೂಲೆಗೆ ಸರಿದು ಹಲ್ಲು ತೋರಿಸಿ ಗುರುಗುಟ್ಟಿತು. ಮರಿಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಹೊರಗೋಡೆಗೆ ಒತ್ತಿ, ಒಳಗೆ ಬಿಸಿನೀರಿನ ಬಾಟಲಿ ಇರಿಸಿದಳು. ತಾಯಿ ನುಸುಳುತ್ತಿದ್ದ ಸಂದಿಗೆ ಒಂದೇ ಕಡೆ ತೆರೆಯುವ ಬಾಗಿಲು ಕೂರಿಸಿದಳು. ಹೊರಗೆ ಹೋಗಬಹುದು, ಒಳಗೆ ಬರುವಂತಿಲ್ಲ. ಕತ್ತಲಾಗುವ ಹೊತ್ತಿಗೆ ತಾಯಿ ಮರಿಗಳ ಕೂಗಿಗೆ ಹೊರಬರುತ್ತದೆ, ಒಂದೊಂದನ್ನೇ ಹೊಸ ಮನೆಗೆ ಸಾಗಿಸುತ್ತದೆ.

"ಬಾಟಲಿ ತಣ್ಣಗಾದ್ರೆ?" ಎಂದು ಎದ್ವೀನೊ ಕೇಳಿದ. "ಕೇಳು ಅವಳನ್ನ, ಬಾಟಲಿ ತಣ್ಣಗಾದ್ರೆ ಮರಿಗಳ ಗತಿ ಏನು ಅಂತ."

ಕೇಳಿದೆ. ಬದಲಾಯಿಸಬೇಕಂತೆ. ಸಂಜೆಯೊಳಗೆ ಅವನು ಎರಡು ಸಲ ನೀರು ಕಾಯಿಸಿ ತಂದ, ತನ್ನ ಉಣ್ಣೆಯ ಮಫ್ಲರನ್ನು ಬಾಟಲಿಗೆ ಸುತ್ತಿದ. ಪ್ರತಿ ವರ್ಷ ಮೇ ಒಂದನೇ ತಾರೀಕಿಗೆ ಸರಿಯಾಗಿ ನೆಲಮಾಳಿಗೆಯ ಹೀಟರ್ ಆರಿಸುವ ಮಹಾನುಭಾವ ಇವನೇ. ಆ ವಾರ ತಯಾನಿ ಎರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದಳು.

ಹೊತ್ತು ಮುಳುಗುವಾಗ ನಾನು ನನ್ನ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದೆ. ಸಂದಿಯ ಬಾಗಿಲು ಟಪ್ ಎಂದಿತು. ರಕೂನ್ ಹೊರಬಂದು ಮೊದಲು ತಿರುಗಿ ಆ ಬಾಗಿಲನ್ನೇ ಉಗುರಿನಿಂದ ಕೆರೆಯಿತು. ಎಳೆಯಿತು, ತಳ್ಳಿತು, ಎರಡೂ ಕೈಯಿಂದ ತಡವಿತು. ಒಳಗೆ ಏನೂ ಉಳಿದಿರಲಿಲ್ಲ, ಆದರೂ ಅದಕ್ಕೆ ಅದು ತನ್ನ ಮನೆ. ಆಮೇಲೆ ಮರಿಗಳ ಸದ್ದು ಕೇಳಿ ಪೆಟ್ಟಿಗೆಗೆ ಬಂತು. ಒಂದರ ಕುತ್ತಿಗೆಯನ್ನು ಬಾಯಲ್ಲಿ ಕಚ್ಚಿ, ಬೇಲಿ ಹತ್ತಿ, ಓಣಿಯ ಕಡೆ ಇಳಿಯಿತು. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ವಾಪಸ್ ಬಂತು. ಹೀಗೆ ನಾಲ್ಕು ಸಲ. ನನಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಜೂನ್ ಮೂವತ್ತರವರೆಗೆ ಉಳಿದೆನಲ್ಲ ಎಂಬ ನೆಮ್ಮದಿಯೂ ಆಯಿತು, ಅದರಿಂದ ಇನ್ನಷ್ಟು ನಾಚಿಕೆಯಾಯಿತು.

ಮಹಡಿಯ ಕಿಟಕಿಯಲ್ಲಿ ಎದ್ವೀನೊ ಮೂಗು ಸೀನಿಕೊಂಡು ಶಿಲುಬೆಯ ಗುರುತು ಮಾಡುತ್ತಿದ್ದ.

ಗುರುವಾರ ಗ್ಯಾರೇಜಿನಲ್ಲಿ ಒಲೆ ಹೊತ್ತಿತು. ಈರುಳ್ಳಿ, ದಾಲ್ಚಿನ್ನಿ, ಮಾಂಸದ ವಾಸನೆ ಬೀದಿಗೆಲ್ಲ ಹಬ್ಬಿತು. ಜಪಕ್ಕೆ ಬಂದವರಿಗೆಲ್ಲ ಎದ್ವೀನೊ ರಕೂನಿನ ಕಥೆ ಹೇಳಿದ. ಕಥೆಯಲ್ಲಿ ನಾನಿರಲಿಲ್ಲ, ಮಫ್ಲರ್ ಇತ್ತು. "ಕಿರೀಟ ಇರೋ ಮನೆಯಿಂದ ಒಂದು ತಾಯೀನ ಹೊರಗೆ ಹಾಕೋಕಾಗುತ್ತಾ? ಅದಾಗೇ ಹೊರಡೋವರೆಗೂ ಕಾದೆ" ಎಂದ. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಹೊರಗೆ ನಿಂತು ಅವರಿಗೋಸ್ಕರ ಕ್ಯಾರೆಟ್ ಹೆಚ್ಚುತ್ತಿದ್ದೆ.

ಶುಕ್ರವಾರ ಅವನು ಮತ್ತೆ ಟೋಪಿ ತೆಗೆದು ಬಂದ.

"ಹರಕೇಲಿ ಇನ್ನೊಂದು ಸಂಗತಿ ಇದೆ ಮಗಳೇ. ಹನ್ನೆರಡು ಜನ ಬಡವರಿಗೆ ಮಾಂಸ, ರೊಟ್ಟಿ, ವೈನ್ ಅವರವರ ಮನೆಗೇ ಹೋಗಿ ಕೊಡಬೇಕು. ಹನ್ನೊಂದು ಜನ ಸಿಕ್ಕಿದಾರೆ."

ಆ ಹನ್ನೊಂದು ಬಡವರು ನನಗೆ ಗೊತ್ತು. ಒಬ್ಬನಿಗೆ ಎರಡು ಮನೆ ಮತ್ತು ಮಂಡಿ ನೋವು. ಒಬ್ಬಳು ಪ್ರತಿ ಚಳಿಗಾಲ ಫ್ಲಾರಿಡಾಕ್ಕೆ ಹೋಗುವ ವಿಧವೆ. ಸಂಘದಲ್ಲಿ ಬಡವ ಎಂದು ಒಪ್ಪಿಕೊಳ್ಳುವವರೇ ಇಲ್ಲ, ಇವರನ್ನೂ ಕೈಕಾಲು ಹಿಡಿದು ಒಪ್ಪಿಸಿದ್ದಾರೆ.

"ಹನ್ನೆರಡನೆಯವಳು ನಾನೋ?"

"ತಪ್ಪು ತಿಳ್ಕೋಬೇಡ. ನಿನ್ನ ಬಡವಿ ಅಂತಲ್ಲ..."

"ಅಲ್ಲ ಅಂತ ಹೇಳ್ಬೇಡಿ, ಆಮೇಲೆ ನಿಮಗೆ ಹನ್ನೊಂದೇ ಆಗುತ್ತೆ" ಎಂದೆ. ಒಪ್ಪಿಕೊಂಡೆ. ಒಳ್ಳೆಯ ಮಾಂಸ, ಬೇಡವೆನ್ನಲು ನಾನೇನು ಫ್ಲಾರಿಡಾಕ್ಕೆ ಹೋಗುವವಳೇ?

ಶನಿವಾರ ಹನ್ನೊಂದು ಮನೆ ಸುತ್ತಿ ಮೆರವಣಿಗೆ ಮನೆಯ ಪಕ್ಕಕ್ಕಿರುವ ನನ್ನ ಬಾಗಿಲಿಗೆ ಬಂತು. ಕೆಂಪು ಬಾವುಟ ಹಿಡಿದವನು ಮುಂದೆ, ಬೆಳ್ಳಿಯ ಕಿರೀಟ ಹೊತ್ತ ಜುಲ್ಮೀರಾ ಹಿಂದೆ. ಎದ್ವೀನೊನ ತೋಳಲ್ಲಿ ತಟ್ಟೆ, ಅದರಲ್ಲಿ ಐದು ಕಿಲೋ ಮಾಂಸ, ಚಕ್ರದಷ್ಟು ದೊಡ್ಡ ರೊಟ್ಟಿ, ವೈನಿನ ಸೀಸೆ. ಸುತ್ತ ಇಪ್ಪತ್ತು ಮೂವತ್ತು ಜನ. ಸಂಘದ ಹಿರಿಯ ಬೆಲಾರ್ಮೀನೊ ಕನ್ನಡಕ ಮೂಗಿಗೆ ಏರಿಸಿ ಪುಸ್ತಕ ಬಿಡಿಸಿದ. ಅವರ ಪದ್ಧತಿಯಲ್ಲಿ ಒಂದು ಕೇಳುವ ಮಾತಿದೆ. ಬಡವರ ಹೊಸಿಲಲ್ಲಿ ನಿಂತು ಹಿರಿಯ ಕೇಳುತ್ತಾನೆ, ಮನೆಯವರು ನನ್ನದು ಎನ್ನುತ್ತಾರೆ, ಕಿರೀಟ ಒಳಗೆ ಹೋಗುತ್ತದೆ.

"ಈ ಮನೆ ಯಾರದು?" ಎಂದು ಬೆಲಾರ್ಮೀನೊ ಕೇಳಿದ.

ನಾನು ಉತ್ತರ ಯೋಚಿಸಿಟ್ಟಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನನ್ನದು ಎಂದು ಹೇಳಲೆಂದೇ ಬಾಯಿ ತೆರೆದದ್ದು. ಒಂಬತ್ತು ವರ್ಷದ ಹೊಟ್ಟೆಯುರಿ ತಾನಾಗಿ ಹೊರಗೆ ಬಂತು.

"ನನಗೆ ಗೊತ್ತಿಲ್ಲ ಸ್ವಾಮಿ" ಎಂದೆ. "ಎದ್ವೀನೊ ಅವರನ್ನೇ ಕೇಳಿ."

ಯಾರೋ ಕೆಮ್ಮಿದರು. ಬೆಲಾರ್ಮೀನೊಗೆ ವಯಸ್ಸು ಎಂಬತ್ತು ದಾಟಿದೆ, ಪುಸ್ತಕದಲ್ಲಿ ಇದ್ದಂತೆ ಆಗಲೇಬೇಕು. ಅವನು ಪೂರ್ತಿ ತಿರುಗಿ ನಿಂತು ಕೇಳಿದ. "ಎದ್ವೀನೊ, ಈ ಮನೆ ಯಾರದು?"

ಎದ್ವೀನೊನ ಮುಖ ರೊಟ್ಟಿಯ ಬಣ್ಣಕ್ಕೆ ತಿರುಗಿತು. ನನ್ನದು ಎಂದರೆ ದಾನ ತನ್ನ ಮನೆಗೇ ಬಂದಂತಾಯಿತು, ಬಡವರು ಹನ್ನೊಂದೇ, ಇಪ್ಪತ್ತೆರಡು ವರ್ಷದ ಹರಕೆ ನೀರುಪಾಲು. ಅವಳದು ಎಂದರೆ ಕಿರೀಟದ ಎದುರಿಗೆ, ಬೀದಿಯ ಎದುರಿಗೆ ಆಡಿದ ಮಾತು. ಕಿರೀಟದ ಎದುರು ಆಡಿದ್ದನ್ನು ಈ ಜನ ನುಂಗುವುದಿಲ್ಲ, ಅದೊಂದನ್ನು ಒಪ್ಪಿಕೊಳ್ಳಬೇಕು. ಅವನು ತಟ್ಟೆಯನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿದ.

"ಕೇಳ್ತಾ ಇದಾರಲ್ಲ" ಎಂದಳು ಜುಲ್ಮೀರಾ ಹಿಂದಿನಿಂದ. "ರಕೂನಿನ ಕಥೆ ಹೇಳೋವಾಗ ಬಾಯಿ ಚೆನ್ನಾಗೇ ಇತ್ತಲ್ಲ."

"ತಮ್ಮ ಬರ್ತಾನೆ ಕಣೇ..." ಎಂದು ಅವನು ಗೊಣಗಿದ.

"ತಮ್ಮ ನಮ್ಮ ಮನೇಲಿ, ಮೇಲೆ ಇರ್ಲಿ. ನೀವು ವೈನಿನ ಸೀಸೆ ತುಂಬಿಟ್ಟಿರೋ ಆ ಕೋಣೆ ಖಾಲಿ ಮಾಡಿ ಕೊಡಿ."

ಬಾವುಟ ಗಾಳಿಗೆ ಪಟಪಟ ಎಂದಿತು. ಎದ್ವೀನೊ ಕಿರೀಟ ನೋಡಿದ, ನನ್ನನ್ನು ನೋಡಿದ. ಆ ಒಂಬತ್ತು ವರ್ಷದಲ್ಲಿ ಅವನು ನನ್ನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು ಅನ್ನಿಸಿತು.

"ಇವಳದು" ಎಂದ.

"ಕೇಳಿಸಲಿಲ್ಲ" ಎಂದ ಬೆಲಾರ್ಮೀನೊ, ಕಿವಿಗೆ ಕೈ ಹಿಡಿದು. ಅವನಿಗೆ ನಿಜಕ್ಕೂ ಕಿವಿ ಮಂದ.

"ಇವೊನೆಟೆದು! ಇವೊನೆಟೆ ಮನೆ ಇದು!" ಎಂದು ಎದ್ವೀನೊ ಕೂಗಿದ. ಎದುರು ಮನೆಯ ಕಿಟಕಿ ತೆರೆಯಿತು.

ಬೆಲಾರ್ಮೀನೊ ನಿಧಾನವಾಗಿ ಬರೆದುಕೊಂಡ. ಮೆರವಣಿಗೆ ಹೊಸಿಲ ಕಡೆಗೆ ಕಾಲಿಟ್ಟಿತು. ನಾನು ಬಾಗಿಲಿಗೆ ಅಡ್ಡ ಕೈ ಇಟ್ಟೆ.

"ಬನ್ನಿ, ಬನ್ನಿ" ಎಂದೆ. "ಶೂ ಮಾತ್ರ ಹೊರಗೆ ಬಿಡಿ ಎದ್ವೀನೊ. ಈಗಷ್ಟೇ ಮನೆ ಒರೆಸಿದ್ದೀನಿ."